ಹಳೆಯ ಗೇರ್‌ಬಾಕ್ಸ್‌ನ ವರ್ಷ ಗುರುತಿಸಲು ಸಹಾಯ ಬೇಕು

ನಮಸ್ಕಾರ. ನನ್ನ ಹತ್ತಿರ ಕಾರಿನಿಂದ ಬಿಚ್ಚಿಟ್ಟ ಹಳೆಯ ನಾಲ್ಕು ಗೇರ್‌ಗಳ ಮ್ಯಾನ್ಯುಯಲ್ ಗೇರ್‌ಬಾಕ್ಸ್ ಇದೆ. ಅದು ಯಾವ ಕಾರಿನದು ಅನ್ನೋ ದಾಖಲೆ ಇಲ್ಲ. ಅಲ್ಯೂಮಿನಿಯಂ ಬಾಡಿ, ಪಕ್ಕದ ಮುಚ್ಚಳಕ್ಕೆ 7 ಬೋಲ್ಟ್, ರಿವರ್ಸ್ ಲಿವರ್ ಮಾತ್ರ ಹಿಂದಿನ ಟೇಲ್ ಹೌಸಿಂಗ್ (ಹಿಂತುದಿಯ ಕವಚ) ಮೇಲೆ. ಹಾಗಾಗಿ ಇದು ಬೋರ್ಗ್ ವಾರ್ನರ್ ಕಂಪನಿಯ ಟಿ-10 ಗೇರ್‌ಬಾಕ್ಸ್ ಅಲ್ಲ (ಅದಕ್ಕೆ 9 ಬೋಲ್ಟ್), ಜನರಲ್ ಮೋಟರ್ಸ್‌ನ ಮನ್ಸಿ ಗೇರ್‌ಬಾಕ್ಸ್ ಅನ್ನೋದು ಖಚಿತ.

ಗೊಂದಲ ಶುರುವಾಗೋದು ಇಲ್ಲಿಂದ. ಬಾಡಿಯ ಎರಕದ ನಂಬರ್ 3925660. ಅಂದರೆ 1968ರಿಂದ 1970ರ ಒಳಗಿನದು. ಅಚ್ಚೊತ್ತಿದ ಕೋಡ್ ಪಿ9 ಅಂತ ಶುರುವಾಗುತ್ತದೆ, ಅಂದರೆ 1969 ಇರಬೇಕು. ಮುಂದಿನ ತಿಂಗಳ ಅಕ್ಷರ, ತಾರೀಖು ಪೂರ್ತಿ ಸವೆದಿವೆ. ಸೀಮೆಎಣ್ಣೆ, ಹಿತ್ತಾಳೆ ಬ್ರಷ್‌ನಿಂದ ಉಜ್ಜಿದೆ, ಚಾಕ್‌ಪೀಸ್ ತಿಕ್ಕಿದೆ, ಓರೆ ಬೆಳಕಲ್ಲಿ ಫೋಟೋ ತೆಗೆದೆ. ಏನೂ ಕಾಣಲಿಲ್ಲ.

ಆದರೆ ಇನ್‌ಪುಟ್ ಶಾಫ್ಟ್‌ನಲ್ಲಿ (ಎಂಜಿನ್ ಕಡೆಯಿಂದ ಶಕ್ತಿ ತರುವ ದಂಡ) 26 ಸ್ಪ್ಲೈನ್ (ಉದ್ದುದ್ದ ಹಲ್ಲುಗಳು) ಇವೆ, ಮೇಲೆ ಒಂದೇ ಗೆರೆ. ಒಂದು ಗೆರೆ ಅಂದರೆ ಮನ್ಸಿಯ ಎಂ21 ಮಾದರಿ ಅಲ್ವಾ? ಎಂ21ಗೆ 1970ರವರೆಗೆ 10 ಸ್ಪ್ಲೈನ್ ಇತ್ತು, 26 ಬಂದದ್ದು 1971ರಿಂದ. ಬಾಡಿ ಒಂದು ಕಾಲದ್ದು, ಶಾಫ್ಟ್ ಇನ್ನೊಂದು ಕಾಲದ್ದು! ಇಂಥ ಗೇರ್‌ಬಾಕ್ಸ್‌ಗೆ ತಪ್ಪು ವರ್ಷ ಅಂಟಿಸಲು ನನಗೆ ಮನಸ್ಸಿಲ್ಲ.

ಮನ್ಸಿ ಬಿಚ್ಚಿ ಜೋಡಿಸಿದವರು ದಯವಿಟ್ಟು ಹೇಳಿ: ಒಳಗಿನ ಗೇರ್‌ಗಳೆಲ್ಲ ಬದಲಾಗಿವೆಯೋ, ಬರೀ ಇನ್‌ಪುಟ್ ಶಾಫ್ಟ್ ಬದಲಾಗಿದೆಯೋ ಅಂತ ತಿಳಿಯಲು ಪಕ್ಕದ ಮುಚ್ಚಳ ತೆಗೆದು ಯಾವ ಭಾಗ ನೋಡಬೇಕು?