ಕಾರಿನ ಆಯಿಲ್ ಹಾಕಿದ ಮೇಲೆ ಬೈಕಿನ ಕ್ಲಚ್ ಸ್ಲಿಪ್ ಆಗುತ್ತಿದೆ, ಪ್ಲೇಟ್ ಬದಲಿಸಲೇಬೇಕಾ?

ಹಾವೇರಿ ಸವಾರ

ನಮಸ್ಕಾರ. ಬೈಕು 150 ಸಿಸಿ, ಏರ್ ಕೂಲ್ಡ್, ಐದು ಗೇರು, 31,000 ಕಿ.ಮೀ. ಓಡಿದೆ. ಕೈಪಿಡಿಯಲ್ಲಿ ಇರುವುದು 10ಡಬ್ಲ್ಯು-30, ಎಪಿಐ ಎಸ್‌ಎಲ್, ಜಾಸೊ ಎಂಎ. ಆಯಿಲ್ ಚೇಂಜ್‌ಗೆ 1 ಲೀಟರ್. ಮನೆಯಲ್ಲಿ ಕಾರಿಗೆಂದು ತಂದ ಫುಲ್ಲಿ ಸಿಂಥೆಟಿಕ್ ಡಬ್ಬ ಇತ್ತು: 5ಡಬ್ಲ್ಯು-30, ಎಪಿಐ ಎಸ್‌ಪಿ. ಎಸ್‌ಎಲ್‌ಗಿಂತ ಎಸ್‌ಪಿ ಮೇಲಿನ ದರ್ಜೆ, 30 ಅನ್ನೋದು ಎರಡರಲ್ಲೂ ಇದೆ, ಹಾಗಾಗಿ ಅದನ್ನೇ ಹಾಕಿದೆ. 400 ಕಿ.ಮೀ. ಆಗಿದೆ. ಈಗ ನಾಲ್ಕು, ಐದನೇ ಗೇರಿನಲ್ಲಿ ರೇಸ್ ಕೊಟ್ಟರೆ ಎಂಜಿನ್ ಕೂಗುತ್ತದೆ, ಬೈಕು ಮಾತ್ರ ಎಳೆಯುವುದಿಲ್ಲ. ಬೆಳಿಗ್ಗೆ ತಣ್ಣಗಿರುವಾಗ ಪರವಾಗಿಲ್ಲ, ಹತ್ತು ಕಿ.ಮೀ. ಹೋದ ಮೇಲೆ ಶುರು. ಗ್ಯಾರೇಜಿನಲ್ಲಿ ಕ್ಲಚ್ ಸೆಟ್ ಹೋಗಿದೆ ಅಂತಾರೆ. ಆಯಿಲ್ ಬದಲಿಸಿದರೆ ಸಾಕಾ?

ನಾಲ್ಕು ಸ್ಟ್ರೋಕ್

ಸದ್ಯಕ್ಕೆ ಸೆಟ್ ತರಬೇಡಿ ಸರ್. ಮೊದಲು ಡಬ್ಬದ ಹಿಂಭಾಗ ನೋಡಿ. ಎಪಿಐನ ದುಂಡು ಗುರುತು ಇರುತ್ತದೆ: ಮೇಲಿನ ಅರ್ಧದಲ್ಲಿ ಎಪಿಐ ದರ್ಜೆ, ನಡುವೆ ಎಸ್‌ಎಇ ಗ್ರೇಡು. ಕೆಳಗಿನ ಅರ್ಧದಲ್ಲಿ ‘ರಿಸೋರ್ಸ್ ಕನ್ಸರ್ವಿಂಗ್’ (ಇಂಧನ ಉಳಿಸುವ ಆಯಿಲ್ ಎಂಬ ಗುರುತು) ಅಂತ ಇದೆಯಾ? ಇದ್ದರೆ ನಿಮ್ಮ ತೊಂದರೆಯ ಮೂಲ ಬಹುಪಾಲು ಅಲ್ಲೇ ಇದೆ.

ಕಾರಿನಲ್ಲಿ ಎಂಜಿನ್ ಆಯಿಲ್ ಎಂಜಿನ್ನಿಗೆ ಮಾತ್ರ. ಕ್ಲಚ್ ಹೊರಗಡೆ ಒಣಗಿರುತ್ತದೆ, ಗೇರ್‌ಬಾಕ್ಸಿಗೆ ಬೇರೆ ಆಯಿಲ್. ನಿಮ್ಮ ಬೈಕಿನಲ್ಲಿ ಆ ಒಂದು ಲೀಟರೇ ಪಿಸ್ಟನ್ನು, ಗೇರ್‌ಬಾಕ್ಸು, ಕ್ಲಚ್ಚು ಮೂರಕ್ಕೂ. ಕ್ಲಚ್ ಪ್ಲೇಟ್‌ಗಳು ಅದೇ ಆಯಿಲಿನಲ್ಲಿ ನೆನೆದುಕೊಂಡೇ ಒಂದನ್ನೊಂದು ಹಿಡಿಯಬೇಕು. ಮೈಲೇಜ್ ಹೆಚ್ಚಿಸಲೆಂದು ಕಾರಿನ ಆಯಿಲಿಗೆ ಘರ್ಷಣೆ ಕಡಿಮೆ ಮಾಡುವ ಫ್ರಿಕ್ಷನ್ ಮಾಡಿಫೈಯರ್ ಸೇರಿಸುತ್ತಾರೆ. ಕಾರಿಗೆ ಅದು ಒಳ್ಳೆಯದೇ. ಬೈಕಿನಲ್ಲಿ ಅದೇ ಪದಾರ್ಥ ಪ್ಲೇಟಿನ ಮೇಲೆ ಕೂತು ಹಿಡಿತ ಬಿಡಿಸುತ್ತದೆ. ಎಂಜಿನ್ ತಿರುಗುತ್ತದೆ, ಶಕ್ತಿ ಚಕ್ರಕ್ಕೆ ತಲುಪುವುದಿಲ್ಲ. ಬಿಸಿಯಾದ ಮೇಲೆ ಮಾತ್ರ ಆಗುವುದೂ ಇದಕ್ಕೆ ಹೊಂದುತ್ತದೆ.

ಆದರೂ ಆಯಿಲ್ ಇಳಿಸುವ ಮೊದಲು ಎರಡು ಪರೀಕ್ಷೆ ಮಾಡಿ, ಕಾಸು ಖರ್ಚಿಲ್ಲ.

ಒಂದು, ಕ್ಲಚ್ ಲಿವರಿನ ತುದಿಯಲ್ಲಿ ಬೆರಳಿಟ್ಟು ಮೆಲ್ಲಗೆ ಎಳೆಯಿರಿ. ಕೇಬಲ್ ಬಿಗಿಯಾಗುವ ಮೊದಲು ತುದಿ 10ರಿಂದ 20 ಮಿ.ಮೀ. ಸಡಿಲವಾಗಿ ಓಡಾಡಬೇಕು. ಸಡಿಲವೇ ಇಲ್ಲದಿದ್ದರೆ ಕ್ಲಚ್ ಸದಾ ಅರ್ಧ ಒತ್ತಿದ ಹಾಗೇ. ಆಗ ಎಂಥ ಆಯಿಲ್ ಹಾಕಿದರೂ ಸ್ಲಿಪ್ ಆಗುತ್ತದೆ.

ಇನ್ನೊಂದು, ಖಾಲಿ ರಸ್ತೆಯಲ್ಲಿ, ಎಂಜಿನ್ ಬಿಸಿಯಾದ ಮೇಲೆ, ನಾಲ್ಕನೇ ಗೇರಿನಲ್ಲಿ ಗಂಟೆಗೆ 40 ಕಿ.ಮೀ.ಯಲ್ಲಿ ಹೋಗುತ್ತಾ ಒಮ್ಮೆಲೇ ಪೂರ್ತಿ ರೇಸ್ ಕೊಡಿ. ಆರ್‌ಪಿಎಂ ಮುಳ್ಳು ಜಿಗಿದು ವೇಗದ ಮುಳ್ಳು ಹಿಂದೆ ಉಳಿದರೆ ಸ್ಲಿಪ್ ಖಚಿತ. ಎರಡೂ ಒಟ್ಟಿಗೆ ನಿಧಾನಕ್ಕೆ ಏರಿದರೆ ಕ್ಲಚ್ ಸರಿಯಿದೆ, ದೋಷ ಬೇರೆ ಕಡೆ ಹುಡುಕಬೇಕು. ಒಂದೇ ಸಲ ಸಾಕು, ಮತ್ತೆ ಮತ್ತೆ ಮಾಡಬೇಡಿ. ಸ್ಲಿಪ್ ಆಗುವ ಪ್ರತಿ ಸೆಕೆಂಡೂ ಪ್ಲೇಟ್ ಸುಡುತ್ತದೆ.

ಹಾವೇರಿ ಸವಾರ

ಲಿವರಿನಲ್ಲಿ 14 ಮಿ.ಮೀ. ಸಡಿಲ ಇದೆ. ರಸ್ತೆ ಪರೀಕ್ಷೆಯಲ್ಲಿ ಆರ್‌ಪಿಎಂ 4,000ದಿಂದ 6,000ಕ್ಕೆ ಜಿಗಿಯಿತು, ವೇಗ ಏರಲಿಲ್ಲ. ಡಬ್ಬದ ಮೇಲೆ ‘ರಿಸೋರ್ಸ್ ಕನ್ಸರ್ವಿಂಗ್’ ಇದೆ, ಜಾಸೊ ಅನ್ನೋ ಪದ ಎಲ್ಲೂ ಇಲ್ಲ. ಸಿಂಥೆಟಿಕ್ ಹಾಕಿದ್ದೇ ತಪ್ಪಾಯ್ತಾ ಹಾಗಾದ್ರೆ?

ಸ್ನಿಗ್ಧತೆ

ಇಲ್ಲ, ಸಿಂಥೆಟಿಕ್ ಅನ್ನುವುದರ ಮೇಲೆ ತಪ್ಪು ಹೊರಿಸಬೇಡಿ. ಈ ನಂಬಿಕೆ ತುಂಬಾ ಹರಡಿದೆ, ಅದಕ್ಕೇ ಬಿಡಿಸಿ ಬರೆಯುತ್ತಿದ್ದೇನೆ. ಸಿಂಥೆಟಿಕ್, ಸೆಮಿ ಸಿಂಥೆಟಿಕ್, ಮಿನರಲ್ ಅನ್ನುವುದು ಮೂಲ ಎಣ್ಣೆ ಎಂಥದ್ದು ಎಂದು ಹೇಳುತ್ತದೆ. ಕ್ಲಚ್ ಹಿಡಿಯುತ್ತದೋ ಇಲ್ಲವೋ ಎಂಬುದು ಅದಕ್ಕೆ ಬೆರೆಸಿದ ಪದಾರ್ಥಗಳ ಮೇಲೆ ನಿಂತಿದೆ. ಜಾಸೊ ಎಂಎ2 ಇರುವ ಫುಲ್ಲಿ ಸಿಂಥೆಟಿಕ್ ಆಯಿಲ್ ನಿಮ್ಮ ಬೈಕಿಗೆ ಧಾರಾಳವಾಗಿ ಹಾಕಬಹುದು.

ಡಬ್ಬದ ಮೇಲೆ ಮೂರು ಬೇರೆ ಬೇರೆ ವಿಷಯಗಳಿರುತ್ತವೆ. ಒಂದು ಇನ್ನೊಂದರ ಬದಲಿಗೆ ಬರುವುದಿಲ್ಲ.

5ಡಬ್ಲ್ಯು-30 ಎಂಬುದು ಎಸ್‌ಎಇ ಗ್ರೇಡು. ಆಯಿಲ್ ಎಷ್ಟು ಗಟ್ಟಿ, ಎಷ್ಟು ತೆಳು ಅನ್ನುವುದನ್ನಷ್ಟೇ ಇದು ಹೇಳುತ್ತದೆ. ಡಬ್ಲ್ಯು ಅಂದರೆ ವಿಂಟರ್. 5ಡಬ್ಲ್ಯು ಆಯಿಲನ್ನು ಮೈನಸ್ 30 ಡಿಗ್ರಿಯಲ್ಲಿ, 10ಡಬ್ಲ್ಯುವನ್ನು ಮೈನಸ್ 25ರಲ್ಲಿ, 20ಡಬ್ಲ್ಯುವನ್ನು ಮೈನಸ್ 15ರಲ್ಲಿ ಎಂಜಿನ್ ತಿರುಗಿಸಲು ಆಗುತ್ತದಾ ಎಂದು ಪರೀಕ್ಷಿಸುತ್ತಾರೆ. ಮಡಿಕೇರಿಯ ಚಳಿಗೂ ಇದರಲ್ಲಿ ಯಾವುದೂ ಸೋಲುವುದಿಲ್ಲ. ನಮಗೆ ಹೆಚ್ಚು ಮುಖ್ಯ ಹಿಂದಿನ ಸಂಖ್ಯೆ. ಅದು 100 ಡಿಗ್ರಿಯಲ್ಲಿ ಆಯಿಲ್ ಎಷ್ಟು ದಪ್ಪ ಉಳಿದಿರಬೇಕು ಎಂಬುದಕ್ಕೆ: 30ಕ್ಕೆ 9.3ರಿಂದ 12.5 ಸೆಂಟಿಸ್ಟೋಕ್ (ದಪ್ಪದ ಅಳತೆ, ಹೆಚ್ಚಿದಷ್ಟೂ ದಪ್ಪ), 40ಕ್ಕೆ 12.5ರಿಂದ 16.3, 50ಕ್ಕೆ 16.3ರಿಂದ 21.9. ಇದರ ಜೊತೆಗೆ 150 ಡಿಗ್ರಿಯಲ್ಲಿ, ಬೇರಿಂಗಿನ ಸಂದಿಯಲ್ಲಿ ಹಿಂಡಿದ ಹಾಗೆ ಹಿಂಡಿ ಇನ್ನೊಂದು ಪರೀಕ್ಷೆ ಇದೆ. ಅದರಲ್ಲಿ 30ರ ಗ್ರೇಡು ಕನಿಷ್ಠ 2.9, 50ರ ಗ್ರೇಡು ಕನಿಷ್ಠ 3.7 ಮಿಲಿಪ್ಯಾಸ್ಕಲ್ ಸೆಕೆಂಡ್ ಉಳಿಸಿಕೊಳ್ಳಬೇಕು.

ಎಪಿಐ ದರ್ಜೆ ಎಂಜಿನ್ನಿನ ರಕ್ಷಣೆಗೆ: ಸವೆತ, ಕೆಸರು, ಆಯಿಲ್ ಕೆಡುವುದು. ಎಸ್ ಅಕ್ಷರ ಪೆಟ್ರೋಲಿಗೆ, ಸಿ ಡೀಸೆಲಿಗೆ. ಎಸ್‌ಪಿ 2020ರಲ್ಲಿ ಬಂತು, ಎಸ್‌ಎಲ್ ಹಳೆಯದು. ‘ಮೇಲಿನ ದರ್ಜೆ’ ಎಂಬ ನಿಮ್ಮ ಲೆಕ್ಕ ಎಂಜಿನ್ನಿನ ಮಟ್ಟಿಗೆ ಸರಿಯೇ. ಆದರೆ ಎಪಿಐ ಪರೀಕ್ಷೆಗಳು ನಡೆಯುವುದು ಕಾರಿನ ಎಂಜಿನ್‌ಗಳಲ್ಲಿ, ಬೈಕಿನ ಒದ್ದೆ ಕ್ಲಚ್ಚಿನ ಬಗ್ಗೆ ಅವು ಏನನ್ನೂ ಹೇಳುವುದಿಲ್ಲ.

ಅದನ್ನು ಹೇಳುವುದು ಜಾಸೊ. ಇದು ಜಪಾನಿನ ವಾಹನ ಮಾನಕ, ಟಿ903 ಅದರ ಸಂಖ್ಯೆ. ನಿಜವಾದ ಕ್ಲಚ್ ಪ್ಲೇಟುಗಳ ಮೇಲೆ ಘರ್ಷಣೆ ಅಳೆದು ವಿಂಗಡಿಸುತ್ತಾರೆ. ಎಂಎ ಎಂದರೆ ಒದ್ದೆ ಕ್ಲಚ್ಚಿಗೆ ತಕ್ಕದ್ದು, ಎಂಎ2 ಅದರಲ್ಲೇ ಹಿಡಿತ ಹೆಚ್ಚಿರುವುದು, ಎಂಬಿ ಘರ್ಷಣೆ ಕಡಿಮೆ ಇರುವುದು. ಬೈಕಿನ ಗೇರ್ ಹಲ್ಲುಗಳು ಆಯಿಲನ್ನು ಅರೆದು ತೆಳು ಮಾಡುತ್ತವೆ. ಅದಕ್ಕೂ ಇದರಲ್ಲಿ ಮಿತಿ ಇದೆ. ಅರೆದ ಮೇಲೂ 30ರ ಗ್ರೇಡು 9 ಸೆಂಟಿಸ್ಟೋಕಿಗಿಂತ, 40ರದ್ದು 12ಕ್ಕಿಂತ ಕೆಳಗೆ ಇಳಿಯಬಾರದು.

ಅಂಗಡಿಯಲ್ಲಿ ಕೇಳುವಾಗ ‘ಬೈಕಿಗೆ ಒಳ್ಳೆ ಆಯಿಲ್ ಕೊಡಿ’ ಅನ್ನಬೇಡಿ. ‘10ಡಬ್ಲ್ಯು-30, ಎಸ್‌ಎಲ್ ಅಥವಾ ಅದಕ್ಕಿಂತ ಮೇಲೆ, ಎಂಎ ಅಥವಾ ಎಂಎ2’ ಅನ್ನಿ. ಡಬ್ಬದ ಹಿಂದೆ ಚೌಕಟ್ಟಿನೊಳಗೆ ಜಾಸೊ ನೋಂದಣಿ ಸಂಖ್ಯೆ ಇದ್ದರೆ ನಂಬಿಕೆ ಹೆಚ್ಚು.

ನಾಲ್ಕು ಸ್ಟ್ರೋಕ್

ಸ್ನಿಗ್ಧತೆಯವರು ಹೇಳಿದ್ದು ಸರಿ. ಈಗ ಕೆಲಸಕ್ಕೆ ಬರೋಣ. ಒಂದು ಸಲ ಆಯಿಲ್ ಬದಲಿಸಿದರೆ ಸಾಲದು, ಎರಡು ಸಲ ಬದಲಿಸಬೇಕು. ಯಾಕೆಂದರೆ ಡ್ರೈನ್ ಬೋಲ್ಟ್ ಬಿಚ್ಚಿದಾಗ ಎಲ್ಲಾ ಆಯಿಲ್ ಬರುವುದಿಲ್ಲ. ಪ್ಲೇಟುಗಳ ನಡುವೆ, ಗೇರ್‌ಬಾಕ್ಸಿನ ಮೂಲೆಗಳಲ್ಲಿ 150 ಮಿ.ಲೀ. ಉಳಿಯಿತು ಎಂದಿಟ್ಟುಕೊಳ್ಳಿ. ಅದರ ಮೇಲೆ 1 ಲೀಟರ್ ಹೊಸದು ಹಾಕಿದರೆ ಸುಮಾರು ನೂರಕ್ಕೆ 13 ಭಾಗ ಕಾರಿನ ಆಯಿಲೇ. ಎರಡನೇ ಸಲ ಇಳಿಸಿ ತುಂಬಿದಾಗ ನೂರಕ್ಕೆ 2ಕ್ಕಿಂತ ಕಡಿಮೆಯಾಗುತ್ತದೆ.

ಐದು ನಿಮಿಷ ಎಂಜಿನ್ ಓಡಿಸಿ ಆಯಿಲ್ ಉಗುರುಬೆಚ್ಚಗಾಗಲಿ. ಸೆಂಟರ್ ಸ್ಟ್ಯಾಂಡ್ ಹಾಕಿ, ಕೆಳಗೆ ಬಾಂಡ್ಲಿ ಇಡಿ, ತುಂಬುವ ಮುಚ್ಚಳ ತೆಗೆದ ಮೇಲೆ ಡ್ರೈನ್ ಬೋಲ್ಟ್ ಬಿಚ್ಚಿ. ಹದಿನೈದು ನಿಮಿಷ ಬಿಡಿ. ಬೈಕನ್ನು ಎಡಕ್ಕೂ ಬಲಕ್ಕೂ ಸ್ವಲ್ಪ ವಾಲಿಸಿ, ಇನ್ನಷ್ಟು ಬರುತ್ತದೆ. ಕಿಕ್ಕರ್ ಹೊಡೆದು ಆಯಿಲ್ ಹೊರಹಾಕುವ ಅಭ್ಯಾಸ ಇದ್ದರೆ ಬಿಡಿ. ಪಂಪಿನಲ್ಲಿ ಗಾಳಿ ತುಂಬಿಕೊಳ್ಳುತ್ತದೆ.

ಇಳಿದ ಆಯಿಲನ್ನು ಬಿಸಿಲಿಗೆ ಹಿಡಿದು ನೋಡಿ. ನುಣ್ಣನೆಯ ಕಪ್ಪು ಪುಡಿ ತೇಲುತ್ತಿದ್ದು ಸುಟ್ಟ ವಾಸನೆ ಬಂದರೆ ಪ್ಲೇಟಿನ ಲೈನಿಂಗ್ ಸವೆದಿದೆ ಎಂದರ್ಥ. ಆಯಿಲ್ ಬರೀ ಕಂದಾಗಿದ್ದರೆ ಆಸೆ ಇದೆ.

ಬೋಲ್ಟಿಗೆ ಹೊಸ ವಾಷರ್ ಹಾಕಿ, ಹಳೆಯದು ಒಮ್ಮೆ ಒತ್ತಿಹೋದ ಮೇಲೆ ಮತ್ತೆ ಸೀಲ್ ಆಗುವುದಿಲ್ಲ. ಬೋಲ್ಟನ್ನು ಮೊದಲು ಕೈಯಲ್ಲೇ ಮೂರು ನಾಲ್ಕು ಸುತ್ತು ತಿರುಗಿಸಿ. ಕೇಸು ಅಲ್ಯುಮಿನಿಯಂ, ಸ್ಪ್ಯಾನರ್‌ನಿಂದ ಓರೆಯಾಗಿ ಏರಿಸಿದರೆ ಥ್ರೆಡ್ ಹೋಗುತ್ತದೆ. ಬಿಗಿ ಎಷ್ಟೆಂದು ಕೈಪಿಡಿಯಲ್ಲಿದೆ. ಅಳತೆಯ ಕಪ್ಪಿನಲ್ಲಿ 950 ಮಿ.ಲೀ. ಹಾಕಿ, ಮೂರು ನಿಮಿಷ ಓಡಿಸಿ ನಿಲ್ಲಿಸಿ, ಮೂರು ನಿಮಿಷ ಕಾದು ಡಿಪ್‌ಸ್ಟಿಕ್ ನೋಡಿ, ಬೇಕಿದ್ದಷ್ಟು ಸೇರಿಸಿ. ಡಿಪ್‌ಸ್ಟಿಕ್ ತಿರುಗಿಸಿ ಕೂರಿಸಿ ನೋಡಬೇಕೋ ಸುಮ್ಮನೆ ಇಳಿಬಿಟ್ಟು ನೋಡಬೇಕೋ ಎಂಬುದು ಬೈಕಿನಿಂದ ಬೈಕಿಗೆ ಬೇರೆ, ಇದರಲ್ಲೇ ಹಲವರು ಆಯಿಲ್ ಹೆಚ್ಚು ತುಂಬಿಬಿಡುತ್ತಾರೆ.

ಈ ಆಯಿಲಿನಲ್ಲಿ 200 ಕಿ.ಮೀ. ಮೆಲ್ಲಗೆ ಓಡಿಸಿ. ಡಬಲ್ ರೈಡ್ ಬೇಡ, ಏರು ಹತ್ತುವಾಗ ಗೇರ್ ಇಳಿಸಿಕೊಳ್ಳಿ. ಆಮೇಲೆ ಮತ್ತೆ ಇಳಿಸಿ, ಫಿಲ್ಟರ್ ಇದ್ದರೆ ಅದನ್ನೂ ಬದಲಿಸಿ, ಹೊಸದು ತುಂಬಿ. ಮೊದಲ ಸಲಕ್ಕೆ ಕಡಿಮೆ ಬೆಲೆಯ ಎಂಎ ಆಯಿಲ್ ಸಾಕು, ತೊಳೆಯುವುದಕ್ಕಷ್ಟೇ.

ರಾಯಚೂರು ಬಿಸಿಲು

ನಡುವೆ ಬರುತ್ತಿದ್ದೇನೆ, ಕ್ಷಮಿಸಿ. ನಮ್ಮಲ್ಲಿ ಬೇಸಿಗೆಯಲ್ಲಿ 42 ಡಿಗ್ರಿ. ನನ್ನ ಬೈಕಿಗೂ 10ಡಬ್ಲ್ಯು-30 ಅಂತಲೇ ಇದೆ. 20ಡಬ್ಲ್ಯು-50 ಹಾಕಿದರೆ ಎಂಜಿನ್ ತಂಪಾಗಿರುತ್ತೆ ಅಂತಾರಲ್ಲ?

ಸ್ನಿಗ್ಧತೆ

ತಂಪಾಗುವುದಿಲ್ಲ ಸರ್. ಆಯಿಲ್ ದಪ್ಪವಾದಷ್ಟೂ ಅದನ್ನು ತಳ್ಳಲು ಎಂಜಿನ್ ಹೆಚ್ಚು ಶ್ರಮಪಡಬೇಕು, ಆ ಶ್ರಮವೇ ಶಾಖ. 40 ಡಿಗ್ರಿಯಲ್ಲಿ 10ಡಬ್ಲ್ಯು-30 ಆಯಿಲ್ 70 ಸೆಂಟಿಸ್ಟೋಕ್ ಆಸುಪಾಸು, 20ಡಬ್ಲ್ಯು-50 ಅದರ ಎರಡು ಪಟ್ಟಿಗಿಂತ ಹೆಚ್ಚು. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಸಿಲಿಂಡರ್ ಹೆಡ್ಡಿನ ಕ್ಯಾಮಿಗೆ ಅದು ತಡವಾಗಿ ತಲುಪುತ್ತದೆ, ಮೈಲೇಜೂ ಕುಸಿಯುತ್ತದೆ. 30ರ ಗ್ರೇಡಿಗೆಂದು ಬೇರಿಂಗ್ ಸಂದಿ, ಪಂಪು ಎಲ್ಲವನ್ನೂ ಅಳೆದು ಮಾಡಿರುತ್ತಾರೆ. ಹೊರಗೆ 28 ಇದ್ದದ್ದು 42 ಆದರೆ 14 ಡಿಗ್ರಿ ವ್ಯತ್ಯಾಸ, ಆಯಿಲ್ ಇರುವುದೇ ನೂರರ ಆಚೀಚೆ.

ಕೈಪಿಡಿಯಲ್ಲಿ ಹೊರಗಿನ ಉಷ್ಣಾಂಶಕ್ಕೆ ಗ್ರೇಡುಗಳ ಪಟ್ಟಿ ಇರುತ್ತದೆ ಕೆಲವು ಬೈಕುಗಳಿಗೆ. ಅದರಲ್ಲಿ 10ಡಬ್ಲ್ಯು-40 ಅಥವಾ 20ಡಬ್ಲ್ಯು-40 ಇದ್ದರೆ ಬೇಸಿಗೆಯಲ್ಲಿ ಒಂದು ಮೆಟ್ಟಿಲು ಏರಬಹುದು. 50ಕ್ಕೆ ಹಾರಬೇಡಿ. ಬಿಸಿಲೂರಿನಲ್ಲಿ, ಟ್ರಾಫಿಕ್ಕಿನಲ್ಲಿ ಏರ್ ಕೂಲ್ಡ್ ಬೈಕು ಓಡಿಸುವವರಿಗೆ ಹೆಚ್ಚು ಲಾಭ ಕೊಡುವುದು ಆಯಿಲ್ ಮಟ್ಟವನ್ನು ವಾರಕ್ಕೊಮ್ಮೆ ನೋಡುವುದು. 1 ಲೀಟರಿನಲ್ಲಿ 250 ಮಿ.ಲೀ. ಕಡಿಮೆಯಾದರೆ ಉಳಿದ ಆಯಿಲೇ ಎಲ್ಲಾ ಶಾಖವನ್ನೂ ಹೊರಬೇಕು.

ಸೊರಬ ಡೀಸೆಲ್

ಟ್ರ್ಯಾಕ್ಟರಿಗೆ ತಂದ 15ಡಬ್ಲ್ಯು-40 ಸಿಐ-4 ಆಯಿಲ್ ಇದೆ. ಬಿಎಸ್6 ಡೀಸೆಲ್ ಕಾರಿಗೆ, ಮನೆಯ ಸ್ಕೂಟರಿಗೆ ಹಾಕಬಹುದಾ?

ನಾಲ್ಕು ಸ್ಟ್ರೋಕ್

ಎರಡಕ್ಕೂ ಬೇಡ ಅಣ್ಣ. ಬಿಎಸ್6 ಡೀಸೆಲ್ ಕಾರಿನ ಸೈಲೆನ್ಸರ್ ದಾರಿಯಲ್ಲಿ ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರ್ ಇರುತ್ತದೆ. ಮಸಿ ಅದರಲ್ಲಿ ಆಗಾಗ ಸುಟ್ಟುಹೋಗುತ್ತದೆ, ಆಯಿಲಿನಿಂದ ಬರುವ ಬೂದಿ ಸುಡುವುದಿಲ್ಲ, ತುಂಬುತ್ತಲೇ ಹೋಗುತ್ತದೆ. ಅದಕ್ಕೇ ಅಂಥ ಕಾರುಗಳಿಗೆ ಕಡಿಮೆ ಬೂದಿಯ ಆಯಿಲ್ ಹೇಳುತ್ತಾರೆ. ಉದಾಹರಣೆಗೆ ಯುರೋಪಿನ ಎಸಿಇಎ ಮಾನಕದ ಸಿ3 ದರ್ಜೆಯಲ್ಲಿ ಬೂದಿ ನೂರಕ್ಕೆ 0.8 ಮೀರುವಂತಿಲ್ಲ. ನಿಮ್ಮ ಕಾರಿಗೆ ಸಿ2ವೋ ಸಿ3ವೋ ಎಂಬುದು ಕೈಪಿಡಿಯಲ್ಲಿ ಇರುತ್ತದೆ, ಅದನ್ನೇ ಹಾಕಿ. ಗೇರಿಲ್ಲದ ಸ್ಕೂಟರಿನ ಕ್ಲಚ್ ಒಣಗಿರುತ್ತದೆ, ಅದಕ್ಕೆ ಎಂಬಿ ಸರಿ. ಎಂಎ ಹಾಕಿದರೂ ಕೆಡುವುದಿಲ್ಲ, ಮೈಲೇಜ್ ಕೊಂಚ ತಗ್ಗಬಹುದು. ಎಂಬಿ ಆಯಿಲನ್ನು ಗೇರಿನ ಬೈಕಿಗೆ ಮಾತ್ರ ಹಾಕಬೇಡಿ.

ಹಾವೇರಿ ಸವಾರ

ಎರಡೂ ಸಲ ಬದಲಿಸಿದ್ದಾಯ್ತು, 10ಡಬ್ಲ್ಯು-30 ಎಂಎ2. ಮೊದಲ ಸಲ ಇಳಿದ ಆಯಿಲ್ ಕಂದು, ಪುಡಿ ಇರಲಿಲ್ಲ. ನಾಲ್ಕನೇ ಗೇರಿನಲ್ಲಿ ಸ್ಲಿಪ್ ನಿಂತಿದೆ. ಐದನೇ ಗೇರಿನಲ್ಲಿ, ಇಬ್ಬರು ಕೂತು ಏರು ಹತ್ತುವಾಗ ಇನ್ನೂ ಸ್ವಲ್ಪ ಇದೆ.

ನಾಲ್ಕು ಸ್ಟ್ರೋಕ್

ಆ 400 ಕಿ.ಮೀ.ಯಲ್ಲಿ ಪ್ಲೇಟಿನ ಮೈ ಹೊಳಪಾಗಿರಬೇಕು. ಇನ್ನು 300 ಕಿ.ಮೀ. ನೋಡಿ. ಹೋಗದಿದ್ದರೆ ಬಲಗಡೆಯ ಕವರ್ ಬಿಚ್ಚಿ ಅಳೆಯಿರಿ, ಗ್ಯಾಸ್ಕೆಟ್ ಹೊಸದು ತಂದಿಟ್ಟುಕೊಂಡೇ ಶುರುಮಾಡಿ. ಫ್ರಿಕ್ಷನ್ ಪ್ಲೇಟಿನ ಮೈ ಮಂಕಾಗಿ, ಕಾಗದದಂತೆ ಒರಟಾಗಿರಬೇಕು. ಕನ್ನಡಿಯಂತೆ ಮಿಂಚಿದರೆ ಅದು ಹೋದ ಹಾಗೆ. ದಪ್ಪವನ್ನು ವರ್ನಿಯರ್‌ನಲ್ಲಿ ನಾಲ್ಕು ಕಡೆ ಅಳೆದು ಕೈಪಿಡಿಯ ಮಿತಿಗೆ ಹೋಲಿಸಿ. ಸ್ಟೀಲ್ ಪ್ಲೇಟನ್ನು ಗಾಜಿನ ಮೇಲೆ ಇಟ್ಟು ಅಡಿಗೆ ಫೀಲರ್ ಗೇಜ್ ತೂರಿಸಿ ನೋಡಿ, ನೀಲಿಗಟ್ಟಿದ್ದರೆ ಬಿಸಿಯಾಗಿ ಬಾಗಿರುತ್ತದೆ. ಸ್ಪ್ರಿಂಗ್‌ಗಳ ಉದ್ದವನ್ನೂ ಅಳೆಯಿರಿ, 31,000 ಕಿ.ಮೀ.ಗೆ ಅವು ಕುಗ್ಗಿರುವ ಸಾಧ್ಯತೆ ಹೆಚ್ಚು, ಬೆಲೆಯೂ ಕಡಿಮೆ. ಒಂದು ಮಿತಿ ಮೀರಿದ್ದರೂ ಎಲ್ಲವನ್ನೂ ಒಟ್ಟಿಗೆ ಬದಲಿಸಿ. ಹೊಸ ಫ್ರಿಕ್ಷನ್ ಪ್ಲೇಟುಗಳನ್ನು ಅದೇ ಎಂಎ2 ಆಯಿಲಿನಲ್ಲಿ ರಾತ್ರಿಯಿಡೀ ನೆನೆಸಿ ಹಾಕಿ, ಒಣಗಿದ್ದನ್ನೇ ಹಾಕಿದರೆ ಮೊದಲ ಕಿಲೋಮೀಟರಿನಲ್ಲೇ ಸುಡುತ್ತವೆ. ಸ್ಪ್ರಿಂಗ್ ಬೋಲ್ಟುಗಳನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಮುಗಿದ ಮೇಲೆ ಲಿವರಿನ ಸಡಿಲವನ್ನು ಮತ್ತೆ ಹೊಂದಿಸಬೇಕು, ಹೊಸ ಪ್ಲೇಟಿಗೆ ಅದು ಬದಲಾಗಿರುತ್ತದೆ.