ಸಹಾಯ ಬೇಕು: ಡಾಕ್ಟರ್ ಓಡಿಸಬೇಡಿ ಅಂದ ಕುದುರೆ ಮತ್ತೆ ಬಂದರೆ?

ನಮಸ್ಕಾರ್ರೀ. ನಾನು ಬೆಳಗಾವಿಯವನು, ಮಳೆಗಾಲದಲ್ಲಿ ಪುಣೆ ರೇಸ್ ತಪ್ಪದೆ ನೋಡುತ್ತೇನೆ. ಡಾಕ್ಟರ್ ಮಾತಿನ ಮೇಲೆ ಓಟದಿಂದ ಹೊರಗುಳಿದ ಕುದುರೆ ಮತ್ತೆ ರೇಸ್ ಕಾರ್ಡಿನಲ್ಲಿ, ಅಂದರೆ ಆ ದಿನ ಓಡುವ ಕುದುರೆಗಳ ಪಟ್ಟಿಯಲ್ಲಿ, ಕಂಡರೆ ಹೇಗೆ ಲೆಕ್ಕ ಹಾಕಬೇಕು? ಜ್ವರವಾಗಿದ್ದರೆ ಸರಿ, ಬೇಗ ಸುಧಾರಿಸಬಹುದು. ಓಟ ಶುರುವಾಗುವ ಗೇಟಿನಲ್ಲಿ ಒದ್ದಾಡಿ ಮೈ ತರಚಿಕೊಂಡಿದ್ದರೂ ಜಾಸ್ತಿ ಚಿಂತೆಯಿಲ್ಲ. ನನ್ನ ಅನುಮಾನವೆಲ್ಲ ಕುಂಟಿದ ಕುದುರೆ ಬಗ್ಗೆ. ಗೊರಸಿನೊಳಗೆ ಕೀವಾಗಿತ್ತಾ, ಸ್ನಾಯು ಹಿಡಿದಿತ್ತಾ, ಮುಂಗಾಲಿನ ಟೆಂಡನ್ನಿಗೇ (ಸ್ನಾಯುವನ್ನು ಮೂಳೆಗೆ ಕಟ್ಟುವ ನಾರು) ಪೆಟ್ಟಾ? ಟೆಂಡನ್ ಆಗಿದ್ದರೆ ತಿಂಗಳುಗಟ್ಟಲೆ ಬೇಕು. ಬೆಳಗಿನ ಟ್ರ್ಯಾಕ್ ವರ್ಕ್ (ಅಭ್ಯಾಸದ ಓಟ) ಟೈಮಿಂಗ್ ಚೆನ್ನಾಗಿದ್ದರೆ ನಂಬಬಹುದಾ, ಇಲ್ಲ ಮೊದಲ ಓಟ ಸುಮ್ನೆ ನೋಡಿ ಬಿಡೋದು ಒಳ್ಳೆಯದಾ? ಇನ್ನೊಂದು, ಸದಾ ಮುಂದೆ ಓಡುವ ಕುದುರೆಯೇ ಕೊನೆ ಗಳಿಗೆಯಲ್ಲಿ ಹೊರಬಿದ್ದರೆ ಇಡೀ ಓಟದ ವೇಗ ಬದಲಾಗುತ್ತದೆ ಅಲ್ವಾ? ಆಗ ಏನು ಮಾಡುತ್ತೀರಿ? ಟಿಪ್ಸ್ ಬೇಡ್ರೀ, ವಿಚಾರ ಮಾಡುವ ರೀತಿ ಹೇಳಿ.