98ರ ಗೆರೆ ಮತ್ತು 3-21

ಮಂಜು: [ಚಿತ್ರ] ಸಿಎಲ್‌ಎಲ್ (ಬಿ ಕೋಶಗಳ ಒಂದು ರಕ್ತ ಕ್ಯಾನ್ಸರ್) ರಿಪೋರ್ಟ್ ಓದೋಕೆ ಒಂದೇ ಪುಟದ ಚಾರ್ಟ್. ಐಜಿಎಚ್‌ವಿ (ಬಿ ಕೋಶದ ರಿಸೆಪ್ಟರ್‌ನ ಹೆವಿ ಚೈನ್ ಜೀನ್) ಜರ್ಮ್‌ಲೈನ್‌ಗೆ, ಅಂದ್ರೆ ಹುಟ್ಟಿನಿಂದ ಬಂದ ಮೂಲ ಪ್ರತಿಗೆ, 98% ಅಥವಾ ಹೆಚ್ಚು ಹೋಲಿದ್ರೆ ಅನ್‌ಮ್ಯುಟೇಟೆಡ್, ರೋಗ ಬೇಗ ಏರುತ್ತೆ. ಕಡಿಮೆ ಇದ್ರೆ ಮ್ಯುಟೇಟೆಡ್, ನಿಧಾನ. ಪಿಜಿ ವಿದ್ಯಾರ್ಥಿಗಳಿಗೆ ಇಷ್ಟು ಸಾಕು.

ಶುಭಾ: ಸಾಕಾಗಲ್ಲ ಮಂಜು. ಗೆರೆ ಸರಿಯಾಗಿದೆ, 1999ರಲ್ಲಿ ಎರಡು ತಂಡಗಳು ಬೇರೆಬೇರೆಯಾಗಿ ತೋರಿಸಿದ್ದೂ ಅದನ್ನೇ. ಆದ್ರೆ ಇದ್ರಲ್ಲಿ ಜೀನ್ ಹೆಸರಿಗೆ ಕಾಲಮ್ಮೇ ಇಲ್ವಲ್ಲ! ಐಜಿಎಚ್‌ವಿ3-21 ಜೊತೆಗೆ ಲೈಟ್ ಚೈನ್ (ರಿಸೆಪ್ಟರ್‌ನ ಚಿಕ್ಕ ಸರಪಳಿ) ಐಜಿಎಲ್‌ವಿ3-21 ಇದ್ದು, ಎಚ್‌ಸಿಡಿಆರ್3 (ಹೆವಿ ಚೈನ್‌ನಲ್ಲಿ ಆಂಟಿಜೆನ್ ಹಿಡಿಯೋ ಭಾಗ) ಬರೀ 9 ಅಮೈನೋ ಆಸಿಡ್ ಉದ್ದ ಇದ್ರೆ ಅದು ಸಬ್‌ಸೆಟ್ 2, ಅಂದ್ರೆ ಹೆಚ್ಚುಕಡಿಮೆ ಒಂದೇ ಥರದ ರಿಸೆಪ್ಟರ್ ಇರೋ ರೋಗಿಗಳ ಗುಂಪು. 97 ಬರಲಿ, 99 ಬರಲಿ, ರೋಗ ಜೋರೇ.

ಮಂಜು: ಅದು ನೂರಕ್ಕೆ ಮೂರು ಜನಕ್ಕೆ ಬರೋದು ಕಣೇ.

ಶುಭಾ: ಆ ಮೂವರಲ್ಲಿ ಮ್ಯುಟೇಟೆಡ್ ಬಂದವರಿಗೆ ನಿನ್ನ ಚಾರ್ಟ್ ‘ನಿಧಾನ’ ಅಂತ ಹೇಳ್ತಿದೆ, ಅದು ತಪ್ಪು. ಲೈಟ್ ಚೈನ್‌ನ 110ನೇ ಜಾಗದಲ್ಲಿ ಗ್ಲೈಸಿನ್ ಹೋಗಿ ಆರ್ಜಿನಿನ್ ಕೂತಿರುತ್ತೆ. ಆಗ ಒಂದೇ ಕೋಶದ ರಿಸೆಪ್ಟರ್‌ಗಳು ಒಂದಕ್ಕೊಂದು ಅಂಟಿಕೊಂಡು, ಹೊರಗಿನ ಆಂಟಿಜೆನ್ ಇಲ್ಲದೇನೇ ಸಿಗ್ನಲ್ ಕೊಡ್ತವೆ. ಶೇಕಡಾ ಲೆಕ್ಕಕ್ಕೆ ಅದು ಕಾಣಲ್ಲ. ಐಜಿಎಚ್‌ವಿ4-39ರ ಸಬ್‌ಸೆಟ್ 8 ಇದ್ರೆ ರಿಕ್ಟರ್ ಆಗುವ (ರೋಗ ಉಗ್ರ ಲಿಂಫೋಮಾಗೆ ತಿರುಗುವ) ಭಯ ಹೆಚ್ಚು. 4-34ರ ಸಬ್‌ಸೆಟ್ 4 ಮಾತ್ರ ನಿಜಕ್ಕೂ ಶಾಂತ.

ರಘು: ಜೀನ್‌ಗಿಂತ ಮೊದಲು ಪ್ರೈಮರ್ (ಪಿಸಿಆರ್ ಶುರು ಮಾಡೋ ಚಿಕ್ಕ ಡಿಎನ್‌ಎ ತುಣುಕು) ಯಾವುದು ಅಂತ ಬರೆಸಿ. ವಿ ಭಾಗ 294 ಬೇಸ್, 6 ಕಡೆ ವ್ಯತ್ಯಾಸ ಅಂತಿಟ್ಟುಕೊಳ್ಳಿ: 97.96, ಮ್ಯುಟೇಟೆಡ್. ವಿ ಭಾಗದ ಒಳಗೇ ಕೂರೋ ಎಫ್‌ಆರ್1 ಪ್ರೈಮರ್ ಹಾಕಿ ಮೊದಲ 60 ಬೇಸ್ ಕೈಬಿಟ್ಟು, ಅದ್ರಲ್ಲೇ 2 ವ್ಯತ್ಯಾಸ ಹೋದ್ರೆ 234ಕ್ಕೆ 4 ಉಳೀತು: 98.29, ಅನ್‌ಮ್ಯುಟೇಟೆಡ್. ಸ್ಯಾಂಪಲ್ ಅದೇ, ಉತ್ತರ ಉಲ್ಟಾ. ಪ್ರೈಮರ್ ಕೂತ ಜಾಗದಲ್ಲಿ ಓದೋದು ಪ್ರೈಮರ್‌ನದೇ ಸೀಕ್ವೆನ್ಸ್, ರೋಗಿಯದ್ದಲ್ಲ.

ಮಂಜು: ವಿ ಭಾಗಕ್ಕೂ ಮೊದಲೇ ಕೂರೋ ಲೀಡರ್ ಪ್ರೈಮರ್‌ಗೆ ಬ್ಯಾಂಡೇ ಬರದಿದ್ರೆ, ಅಂದ್ರೆ ಪಿಸಿಆರ್‌ನಲ್ಲಿ ಏನೂ ಸಿಗದಿದ್ರೆ?

ರಘು: ಡಿಎನ್‌ಎ ಬಿಟ್ಟು ಆರ್‌ಎನ್‌ಎ ತೆಗೆದು ಸಿಡಿಎನ್‌ಎ (ಆರ್‌ಎನ್‌ಎಯಿಂದ ಮಾಡಿದ ಡಿಎನ್‌ಎ ಪ್ರತಿ) ಮೇಲೆ ಮತ್ತೆ ಓಡಿಸಬೇಕು. ಡಿಎನ್‌ಎಯಲ್ಲಿ ಸ್ಟಾಪ್ ಕೋಡಾನ್ ಇರೋ ಅನ್‌ಪ್ರೊಡಕ್ಟಿವ್ (ಪ್ರೋಟೀನ್ ಮಾಡದ) ತುಂಡು ಮಾತ್ರ ಸಿಕ್ಕಾಗಲೂ ಅಷ್ಟೇ. ಆ ತುಂಡಿನ ಶೇಕಡಾ ರಿಪೋರ್ಟಿಗೆ ಹೋಗಲೇಬಾರದು. ಎರಡೂ ಸ್ಟ್ರಾಂಡ್ ಓದಿ, ಆಮೇಲೆ ಜರ್ಮ್‌ಲೈನ್ ಜೊತೆ ಹೋಲಿಸೋ ಆನ್‌ಲೈನ್ ಸಾಧನ ಐಎಮ್‌ಜಿಟಿ ವಿ-ಕ್ವೆಸ್ಟ್‌ಗೆ ಹಾಕಿ.

ಮಂಜು: ಐಬ್ರೂಟಿನಿಬ್ ಮಾತ್ರೆ ಮ್ಯುಟೇಟೆಡ್, ಅನ್‌ಮ್ಯುಟೇಟೆಡ್ ಎರಡೂ ಗುಂಪಿಗೆ ಕೆಲಸ ಮಾಡುತ್ತಲ್ಲ, ಇಷ್ಟೆಲ್ಲ ಬೇಕಾ?

ಶುಭಾ: ಆ ಮಾತ್ರೆ ದಿನಾ ಕೊಳ್ಳೋಕಾಗದವರಿಗೆ ಎಫ್‌ಸಿಆರ್ (ಫ್ಲುಡಾರಬಿನ್, ಸೈಕ್ಲೋಫಾಸ್ಫಮೈಡ್, ರಿಟುಕ್ಸಿಮ್ಯಾಬ್ ಸೇರಿದ ಚಿಕಿತ್ಸೆ) ಲೆಕ್ಕ ಹಾಕ್ತೀಯಲ್ಲ, ಅಲ್ಲಿ ಬೇಕೇ ಬೇಕು. ಎಂ.ಡಿ. ಆಂಡರ್ಸನ್‌ನ ಎಫ್‌ಸಿಆರ್300 ಅಧ್ಯಯನದಲ್ಲಿ 12.8 ವರ್ಷಕ್ಕೆ ರೋಗ ಮರಳದೆ ಉಳಿದವರು ಮ್ಯುಟೇಟೆಡ್‌ನಲ್ಲಿ 53.9%, ಇನ್ನೊಂದರಲ್ಲಿ 8.7%. ಟಿಪಿ53 (ಕ್ಯಾನ್ಸರ್ ತಡೆಯೋ ಜೀನ್) ಕೆಟ್ಟಿದ್ರೆ ಮಾತ್ರ ಎಫ್‌ಸಿಆರ್ ಮಾತೇ ಎತ್ತಬಾರದು.

ರಘು: ಐಜಿಎಚ್‌ವಿ ಬದಲಾಗಲ್ಲ, ಒಮ್ಮೆ ಮಾಡಿದ್ರೆ ಸಾಕು. ಟಿಪಿ53, ಡೆಲ್ 17ಪಿ (ಆ ಜೀನ್ ಇರೋ ಕ್ರೋಮೋಸೋಮ್ ತುಂಡು ಕಳೆದುಹೋಗಿರೋದು) ಪ್ರತಿ ಸಲ ಚಿಕಿತ್ಸೆ ಶುರು ಮಾಡೋ ಮೊದಲು ಮತ್ತೆ ನೋಡಬೇಕು.

ಮಂಜು: ಸರಿ, ಜೀನ್, ಸಬ್‌ಸೆಟ್, ಪ್ರೈಮರ್ ಮೂರೂ ಕಾಲಮ್ ಹಾಕ್ತೀನಿ. 97ರಿಂದ 97.99ರವರೆಗೆ ‘ಬಾರ್ಡರ್‌ಲೈನ್’ ಅಂತ ಬೇರೆ ಸಾಲು ಇಡ್ತೀನಿ.

ಶುಭಾ: ಇಡು. ಸಬ್‌ಸೆಟ್ 2ನ್ನ ಮಾತ್ರ ಆ ಸಾಲಿಗೆ ಸೇರಿಸಬೇಡ.